ಅನ್ವೇಷಣೆಗೆ ಕಡತ ಅಡ್ಡವಾಗಿದೆಯೇ? ನೀವೇ ಪರೀಕ್ಷಿಸಿ ನೋಡುವ ಬಗೆ

ಇಸ್ರೋದ ನೌಕೆ ಚಂದ್ರನ ಮೇಲೆ ಇಳಿದ ದಿನ ಸರ್ಕಾರಿ ಸಂಸ್ಥೆಯೆಂದರೆ ಹೀಗಿರಬೇಕು ಎಂದು ಹೊಗಳಿದವರೇ, ಇನ್ನೊಂದು ಯೋಜನೆ ಎರಡು ವರ್ಷ ಮುಂದಕ್ಕೆ ಹೋಯಿತೆಂಬ ಸುದ್ದಿ ಬಂದ ದಿನ ಸರ್ಕಾರದ ಕೈಗೆ ಸಿಕ್ಕಿ ದೇಶದ ಅನ್ವೇಷಣೆಯ ಹುಮ್ಮಸ್ಸೇ ಉಡುಗಿಹೋಯಿತು ಎಂದು ಮರುಗುತ್ತಾರೆ. ಎರಡೂ ಮಾತುಗಳನ್ನು ಆಡುವುದು ಸುಲಭ. ಯಾವ ಮಾತು ಎಷ್ಟರಮಟ್ಟಿಗೆ ನಿಜವೆಂದು ಕಾಗದ ಹಿಡಿದು ಕುಳಿತು ಲೆಕ್ಕ ಹಾಕುವವರು ಕಡಿಮೆ. ಆ ಲೆಕ್ಕಕ್ಕೆ ಬೇಕಾದ ದಾಖಲೆಗಳಲ್ಲಿ ಬಹುಪಾಲು ಸಾರ್ವಜನಿಕವಾಗಿಯೇ ಲಭ್ಯವಿವೆ. ಅವುಗಳನ್ನು ಎಲ್ಲಿ ಹುಡುಕಬೇಕು, ಹೇಗೆ ಓದಬೇಕು, ಎಲ್ಲಿ ಎಡವದಂತೆ ಎಚ್ಚರವಹಿಸಬೇಕು ಎಂಬುದನ್ನು, ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯ ಖರೀದಿ ವಿಭಾಗದಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಕಡತಗಳ ನಡುವೆ ಕೆಲಸ ಮಾಡಿದ ಅನುಭವದಿಂದ ಇಲ್ಲಿ ವಿವರಿಸುತ್ತೇನೆ. ಉದಾಹರಣೆಗಳನ್ನು ಹೆಚ್ಚಾಗಿ ನಮ್ಮ ಬಾಹ್ಯಾಕಾಶ ಕಾರ್ಯಕ್ರಮದಿಂದ ತೆಗೆದುಕೊಂಡಿದ್ದೇನೆ. ಆದರೆ ಸಾಗರ ಸಂಶೋಧನೆ, ಭೌತವಿಜ್ಞಾನ, ಧ್ರುವಯಾನ, ಯಾವುದಕ್ಕಾದರೂ ಇದೇ ವಿಧಾನ ಸಲ್ಲುತ್ತದೆ.

ಮೊದಲು ಆರೋಪವನ್ನು ಬಿಡಿಸಿಕೊಳ್ಳಿ

‘ಸರ್ಕಾರದ ಹಣ ಮತ್ತು ಅಧಿಕಾರಶಾಹಿ ಅನ್ವೇಷಣೆಯನ್ನು ಕೊಲ್ಲುತ್ತಿವೆ’ ಎಂಬ ಒಂದೇ ವಾಕ್ಯದಲ್ಲಿ ಎರಡು ಬೇರೆ ಬೇರೆ ಆರೋಪಗಳು ಹೆಣೆದುಕೊಂಡಿವೆ. ಸರ್ಕಾರ ಹಣ ಹಾಕುವುದೇ ತಪ್ಪು ಎಂಬುದು ಒಂದು. ಹಾಕಿದ ಹಣ ಕೆಲಸ ಮಾಡುವವನ ಕೈಗೆ ಸಕಾಲದಲ್ಲಿ ತಲುಪುವುದಿಲ್ಲ ಎಂಬುದು ಇನ್ನೊಂದು. ಇವೆರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಿದರೆ ಯಾವ ತೀರ್ಮಾನಕ್ಕೂ ಬರಲಾಗದು.

ಮೊದಲ ಆರೋಪಕ್ಕೆ ಇತಿಹಾಸದ ಬೆಂಬಲ ತೀರ ಕಡಿಮೆ. ಅಮೆರಿಕವು ಮನುಷ್ಯನನ್ನು ಚಂದ್ರನಲ್ಲಿಗೆ ಕಳುಹಿಸಲು ಸಿದ್ಧವಾಗುತ್ತಿದ್ದ 1966ರಲ್ಲಿ ಅಲ್ಲಿನ ಕೇಂದ್ರ ಸರ್ಕಾರದ ಒಟ್ಟು ವೆಚ್ಚದಲ್ಲಿ ಸುಮಾರು ಶೇ 4.4ರಷ್ಟು ನಾಸಾಕ್ಕೆ ಹೋಗುತ್ತಿತ್ತು. ಇಂದು ಅದು ಶೇ ಅರ್ಧವನ್ನೂ ಮುಟ್ಟುವುದಿಲ್ಲ. ಆ ದೇಶದ ಅತಿ ದೊಡ್ಡ ಸಾಹಸ ನಡೆದದ್ದು ಸರ್ಕಾರ ಅತಿ ಹೆಚ್ಚು ಹಣ ಸುರಿದ ಕಾಲದಲ್ಲಿಯೇ. ನಮ್ಮಲ್ಲಿಯೂ ಕೇರಳದ ತುಂಬಾ ಎಂಬ ಮೀನುಗಾರರ ಹಳ್ಳಿಯ ಚರ್ಚನ್ನು ಕಚೇರಿ ಮಾಡಿಕೊಂಡು 1963ರ ನವೆಂಬರ್ 21ರಂದು ಮೊದಲ ಶೋಧಕ ರಾಕೆಟ್ ಹಾರಿಸಿದ್ದು, ಬೆಂಗಳೂರಿನ ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ ಆರ್ಯಭಟ ಉಪಗ್ರಹವನ್ನು ಕಟ್ಟಿ 1975ರ ಏಪ್ರಿಲ್ 19ರಂದು ಸೋವಿಯತ್ ನೆಲದಿಂದ ಕಕ್ಷೆಗೆ ಸೇರಿಸಿದ್ದು, ಎಲ್ಲವೂ ಸರ್ಕಾರದ ಸಂಬಳದ ಮೇಲೆಯೇ. ಉಡುಪಿ ಸೀಮೆಯ ಅದಮಾರಿನಲ್ಲಿ ಹುಟ್ಟಿದ ಯು.ಆರ್. ರಾವ್ ಅವರ ತಂಡಕ್ಕೆ ಆ ಶೆಡ್ಡುಗಳಲ್ಲಿ ಸೌಕರ್ಯ ಕಡಿಮೆಯಿತ್ತು, ಹುಮ್ಮಸ್ಸು ಕಡಿಮೆಯಿರಲಿಲ್ಲ. ನಾಳೆಯೇ ಲಾಭ ತಾರದ ಕೆಲಸಕ್ಕೆ ಮೊದಲ ಹಣ ಹಾಕುವವರು ಬಹುತೇಕ ಎಲ್ಲ ದೇಶಗಳಲ್ಲಿಯೂ ಸರ್ಕಾರವೇ ಆಗಿರುತ್ತದೆ.

ಹೀಗಾಗಿ ನಿಮ್ಮ ಪರೀಕ್ಷೆ ಎರಡನೆಯ ಆರೋಪದ ಮೇಲಿರಲಿ. ಭಾರತದ ಮಟ್ಟಿಗೆ ಅದಕ್ಕೆ ವಿಶೇಷ ತೂಕವಿದೆ. ಸಂಶೋಧನೆಗಾಗಿ ನಾವು ಖರ್ಚು ಮಾಡುವುದು ದೇಶದ ಒಟ್ಟು ಉತ್ಪನ್ನದಲ್ಲಿ ಶೇ 0.64ರಷ್ಟು ಮಾತ್ರ ಎಂಬುದು 2020–21ರ ಲೆಕ್ಕ. ಅದರಲ್ಲಿ ದೊಡ್ಡ ಪಾಲು ಸರ್ಕಾರದ್ದು. ಅಮೆರಿಕ, ಚೀನಾಗಳಲ್ಲಿ ದೊಡ್ಡ ಪಾಲು ಉದ್ದಿಮೆಗಳದು. ಹಣ ಕೊಡುವವರು ಹಲವರಿದ್ದಾಗ ಒಂದು ಕಚೇರಿಯ ಕಡತ ನಿಂತರೆ ಇನ್ನೊಂದು ಬಾಗಿಲು ತಟ್ಟಬಹುದು. ಕೊಡುವವರು ಹೆಚ್ಚುಕಡಿಮೆ ಒಬ್ಬರೇ ಆದಾಗ ಆ ಕಡತವೇ ಸಂಶೋಧಕನ ಹಣೆಬರಹವಾಗುತ್ತದೆ.

ಮುಂಗಡಪತ್ರದ ನಾಲ್ಕು ಕಲಮುಗಳು

ಫೆಬ್ರವರಿ 1ರಂದು ಕೇಂದ್ರ ಮುಂಗಡಪತ್ರ ಮಂಡನೆಯಾದ ಕೂಡಲೇ ಅದರ ಜೊತೆಯ ದಾಖಲೆಗಳು ಜಾಲತಾಣಕ್ಕೆ ಬರುತ್ತವೆ. ಅವುಗಳ ಪೈಕಿ ವೆಚ್ಚದ ಸಂಪುಟದಲ್ಲಿ ಪ್ರತಿ ಇಲಾಖೆಗೂ ಒಂದೊಂದು ಅನುದಾನ ಬೇಡಿಕೆಯ ಪಟ್ಟಿ ಇರುತ್ತದೆ. ಬಾಹ್ಯಾಕಾಶ ಇಲಾಖೆಯದನ್ನು ತೆಗೆಯಿರಿ. ಮೊದಲು ಒಟ್ಟು ಮೊತ್ತವನ್ನು ನೋಡಿ, ಅದನ್ನು ದೇಶದ ಒಟ್ಟು ವೆಚ್ಚಕ್ಕೆ ಹೋಲಿಸಿ. 2024–25ರ ಮುಂಗಡಪತ್ರದಲ್ಲಿ ಇಲಾಖೆಗೆ ಇಟ್ಟದ್ದು ಸುಮಾರು 13,042 ಕೋಟಿ ರೂಪಾಯಿ. ದೇಶದ ಒಟ್ಟು ವೆಚ್ಚದ ಅಂದಾಜು 48.2 ಲಕ್ಷ ಕೋಟಿ ರೂಪಾಯಿ. ಅಂದರೆ ನೂರು ರೂಪಾಯಿಯಲ್ಲಿ 27 ಪೈಸೆ. ಬಡವರ ಅನ್ನ ಕಸಿದು ರಾಕೆಟ್ ಹಾರಿಸುತ್ತಿದ್ದಾರೆ ಎಂದು ಯಾರಾದರೂ ಹೇಳಿದಾಗ ಈ 27 ಪೈಸೆಯನ್ನು ನೆನಪಿಸಿಕೊಳ್ಳಿ.

ನಿಜವಾದ ಸಂಗತಿ ಇರುವುದು ಪಕ್ಕದ ಕಲಮುಗಳಲ್ಲಿ, ಅಂದರೆ ಅಂಕಣಗಳಲ್ಲಿ. ಪಟ್ಟಿಯಲ್ಲಿ ನಾಲ್ಕು ಕಲಮುಗಳಿರುತ್ತವೆ: ಹಿಂದಿನ ಒಂದು ವರ್ಷದ ವಾಸ್ತವ ವೆಚ್ಚ, ನಡೆಯುತ್ತಿರುವ ವರ್ಷದ ಮುಂಗಡ ಅಂದಾಜು, ಅದೇ ವರ್ಷದ ಪರಿಷ್ಕೃತ ಅಂದಾಜು, ಬರುವ ವರ್ಷದ ಮುಂಗಡ ಅಂದಾಜು. ಪತ್ರಿಕೆಗಳಲ್ಲಿ ಸುದ್ದಿಯಾಗುವುದು ಕೊನೆಯ ಕಲಮು ಮಾತ್ರ. ನೀವು ನಡುವಿನ ಎರಡನ್ನು ಹೋಲಿಸಬೇಕು. 2020–21ರಲ್ಲಿ ಬಾಹ್ಯಾಕಾಶ ಇಲಾಖೆಗೆ ಮೊದಲು ಘೋಷಿಸಿದ್ದು ಸುಮಾರು 13,479 ಕೋಟಿ. ಪರಿಷ್ಕೃತ ಅಂದಾಜಿನಲ್ಲಿ ಅದು 9,500 ಕೋಟಿಗೆ ಇಳಿಯಿತು. ಅದು ಕೊರೊನಾ ವರ್ಷವಾಗಿತ್ತು, ಆದ್ದರಿಂದ ಅದೊಂದನ್ನೇ ಹಿಡಿದು ತೀರ್ಪು ಕೊಡಲಾಗದು. ಆದರೆ 2022–23ರಲ್ಲಿಯೂ 13,700 ಕೋಟಿಯ ಘೋಷಣೆ ಸುಮಾರು 10,530 ಕೋಟಿಗೆ ಬಂದು ನಿಂತಿತು. ಹತ್ತು ವರ್ಷಗಳ ಪಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟು ಈ ಎರಡು ಅಂಕಿಗಳನ್ನು ಬರೆದುಕೊಂಡರೆ, ಘೋಷಣೆಗೂ ಕೈಗೆ ಬಂದ ಹಣಕ್ಕೂ ನಡುವಿನ ಅಂತರ ಕಣ್ಣಿಗೆ ಕಾಣುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಪರಿಷ್ಕೃತ ಅಂದಾಜು ಇಳಿದ ಮಾತ್ರಕ್ಕೆ ಹಣಕಾಸು ಸಚಿವಾಲಯ ಕೈ ಬಿಗಿ ಹಿಡಿಯಿತೆಂದು ತಿಳಿಯಬಾರದು. ಗುತ್ತಿಗೆದಾರನು ಸಾಮಗ್ರಿಯನ್ನು ಸಕಾಲಕ್ಕೆ ಕೊಡದಿದ್ದರೆ, ಉಡಾವಣೆಗಳು ಮುಂದಕ್ಕೆ ಹೋದರೆ, ಇಲಾಖೆಯೇ ಹಣವನ್ನು ಖರ್ಚು ಮಾಡಲಾಗದೆ ಬಿಟ್ಟುಕೊಡುತ್ತದೆ. ಇದನ್ನು ಬೇರ್ಪಡಿಸಲು ವಿಜ್ಞಾನ ಮತ್ತು ತಂತ್ರಜ್ಞಾನಕ್ಕೆ ಸಂಬಂಧಿಸಿದ ಸಂಸದೀಯ ಸ್ಥಾಯಿ ಸಮಿತಿಯ ವರದಿಗಳನ್ನು ಓದಬೇಕು. ಅನುದಾನ ಬೇಡಿಕೆಗಳನ್ನು ಪರಿಶೀಲಿಸುವಾಗ ಸಮಿತಿಯು ಹಣ ಏಕೆ ಉಳಿಯಿತು ಎಂದು ಇಲಾಖೆಯನ್ನೇ ಕೇಳುತ್ತದೆ, ಉತ್ತರವನ್ನು ವರದಿಯಲ್ಲಿ ಅಚ್ಚು ಹಾಕಿಸುತ್ತದೆ. ಇಷ್ಟು ಉಪಯುಕ್ತವಾದ ದಾಖಲೆಯನ್ನು ಓದುವವರು ಇಷ್ಟು ಕಡಿಮೆ ಇರುವುದು ನನಗೆ ಬಹಳ ವರ್ಷಗಳಿಂದ ಬೇಸರದ ಸಂಗತಿ.

ಪಟ್ಟಿಯ ಒಳಗೆ ಇನ್ನೊಂದು ಸಾಲನ್ನು ಹುಡುಕಿ: ಬಾಹ್ಯಾಕಾಶ ವಿಜ್ಞಾನಗಳು. ಬಾಹ್ಯಾಕಾಶ ತಂತ್ರಜ್ಞಾನದ ಮುಂದೆ ಸಾವಿರಾರು ಕೋಟಿಗಳ ಅಂಕಿ ಇರುವ ಪುಟದಲ್ಲಿಯೇ ಇದರ ಮುಂದೆ ನೂರರ ಲೆಕ್ಕದ ಅಂಕಿ ಇರುತ್ತದೆ. ಸಂವಹನ, ಭೂವೀಕ್ಷಣೆ, ಉಡಾವಣಾ ವಾಹನಗಳು ಅಗತ್ಯವೇ. ಆದರೆ ಅನ್ವೇಷಣೆಯ ಹುಮ್ಮಸ್ಸು ಎಂದು ನಾವು ಕರೆಯುವುದು ಯಾವುದನ್ನೋ, ಅದಕ್ಕೆ ಸರ್ಕಾರ ಎಷ್ಟು ಬೆಲೆ ಕಟ್ಟಿದೆ ಎಂಬುದಕ್ಕೆ ಈ ಒಂದು ಸಾಲಿನಷ್ಟು ನೇರವಾದ ಸಾಕ್ಷಿ ಬೇರೊಂದಿಲ್ಲ.

ದಿನಾಂಕಗಳ ಪಟ್ಟಿ ಮಾಡಿ

ಹಣದ ಲೆಕ್ಕ ಮುಗಿದ ಮೇಲೆ ಕಾಲದ ಲೆಕ್ಕ. ಒಂದು ಹಾಳೆಯಲ್ಲಿ ಯೋಜನೆಯ ಹೆಸರು ಬರೆದು, ಅದರ ಮುಂದೆ ಆಲೋಚನೆ ಮೊಳೆತ ವರ್ಷ, ಸಚಿವ ಸಂಪುಟದ ಒಪ್ಪಿಗೆಯ ದಿನಾಂಕ, ಕೆಲಸ ಮುಗಿದ ಅಥವಾ ನೌಕೆ ಹಾರಿದ ದಿನಾಂಕ ಇವನ್ನು ಬರೆಯಿರಿ. ಕೊನೆಗೆ ಒಂದು ಅಗಲವಾದ ಕಲಮನ್ನು ಬಿಡಿ. ಅದರಲ್ಲಿ ತಡವಾದದ್ದಕ್ಕೆ ಕಾರಣ ಬರೆಯಬೇಕು. ಈ ಕೊನೆಯ ಕಲಮಿಲ್ಲದ ಪಟ್ಟಿ ದಾರಿ ತಪ್ಪಿಸುತ್ತದೆ.

ಮಂಗಳಯಾನಕ್ಕೆ ಸಂಪುಟದ ಒಪ್ಪಿಗೆ ದೊರೆತದ್ದು 2012ರ ಆಗಸ್ಟ್‌ನಲ್ಲಿ. ನೌಕೆ ಹಾರಿದ್ದು 2013ರ ನವೆಂಬರ್ 5ರಂದು. ಮಂಗಳದ ಕಕ್ಷೆ ಸೇರಿದ್ದು 2014ರ ಸೆಪ್ಟೆಂಬರ್ 24ರಂದು. ಖರ್ಚು ಸುಮಾರು 450 ಕೋಟಿ. ಒಪ್ಪಿಗೆಯಿಂದ ಉಡಾವಣೆಗೆ ಹದಿನೈದು ತಿಂಗಳು. ಸರ್ಕಾರಿ ಕಡತ ಎಂದರೆ ಆಮೆಗತಿ ಎನ್ನುವವರು ಈ ಸಾಲಿಗೆ ಉತ್ತರ ಹೇಳಬೇಕು. ಅದರ ಕೆಳಗೆ ಚಂದ್ರಯಾನ–2 ಬರೆಯಿರಿ: ಒಪ್ಪಿಗೆ 2008ರ ಸೆಪ್ಟೆಂಬರ್, ಉಡಾವಣೆ 2019ರ ಜುಲೈ 22. ಸುಮಾರು ಹನ್ನೊಂದು ವರ್ಷ. ಕಾರಣದ ಕಲಮಿಗೆ ಬಂದಾಗ, ಇಳಿಯುವ ನೌಕೆಯನ್ನು ರಷ್ಯಾ ಕೊಡಬೇಕಾಗಿತ್ತು, 2011ರಲ್ಲಿ ಅವರ ಫೋಬೋಸ್–ಗ್ರುಂಟ್ ನೌಕೆ ವಿಫಲವಾದ ಮೇಲೆ ಆ ಒಪ್ಪಂದ ಕುಸಿದು ನಾವೇ ಅದನ್ನು ಮೊದಲಿನಿಂದ ಕಟ್ಟಬೇಕಾಯಿತು ಎಂದು ಬರೆಯಬೇಕಾಗುತ್ತದೆ. ಅದು ಗುಮಾಸ್ತನ ತಪ್ಪಲ್ಲ. ಸೂರ್ಯನನ್ನು ಗಮನಿಸುವ ಆದಿತ್ಯ–ಎಲ್1ರ ಸಾಲು ಇನ್ನೂ ಸ್ವಾರಸ್ಯಕರ. 2008ರ ಹೊತ್ತಿಗೆ ಅದು ಭೂಮಿಯ ಸಮೀಪದ ಕಕ್ಷೆಯಲ್ಲಿ ಒಂದೇ ಉಪಕರಣ ಹೊತ್ತ ಸಣ್ಣ ಉಪಗ್ರಹವಾಗಬೇಕಾಗಿತ್ತು. 2023ರ ಸೆಪ್ಟೆಂಬರ್ 2ರಂದು ಹಾರಿದಾಗ ಅದು ಏಳು ಉಪಕರಣಗಳನ್ನು ಹೊತ್ತು, ಹದಿನೈದು ಲಕ್ಷ ಕಿಲೋಮೀಟರ್ ದೂರಕ್ಕೆ ಹೊರಟಿತ್ತು. ಅವುಗಳಲ್ಲಿ ಪ್ರಧಾನವಾದ ಪ್ರಭಾವಲಯ ದರ್ಶಕವನ್ನು ಭಾರತೀಯ ಖಭೌತ ಸಂಸ್ಥೆಯವರು ಜೋಡಿಸಿದ್ದು ನಮ್ಮ ಹೊಸಕೋಟೆಯಲ್ಲಿ. ಇಲ್ಲಿ ಕಾಲ ಹಿಡಿದದ್ದು ಕೆಲಸ ದೊಡ್ಡದಾದ್ದರಿಂದ.

ಎಲ್ಲ ಸಾಲುಗಳೂ ಹೀಗೆ ಸಮಾಧಾನ ಕೊಡುವುದಿಲ್ಲ. ಗುರುತ್ವ ಅಲೆಗಳನ್ನು ಹಿಡಿಯುವ ಲೈಗೋ–ಇಂಡಿಯಾ ಯೋಜನೆಗೆ 2016ರ ಫೆಬ್ರವರಿಯಲ್ಲಿ, ಆ ಅಲೆಗಳು ಪತ್ತೆಯಾದ ಸುದ್ದಿ ಪ್ರಪಂಚಕ್ಕೆ ತಿಳಿದ ಕೆಲವೇ ದಿನಗಳಲ್ಲಿ, ತಾತ್ವಿಕ ಒಪ್ಪಿಗೆ ದೊರೆಯಿತು. ಸುಮಾರು 2,600 ಕೋಟಿ ರೂಪಾಯಿಯ ಅಂತಿಮ ಒಪ್ಪಿಗೆ ದೊರೆತದ್ದು 2023ರ ಏಪ್ರಿಲ್‌ನಲ್ಲಿ. ನಡುವೆ ಮಹಾರಾಷ್ಟ್ರದ ಹಿಂಗೋಲಿಯಲ್ಲಿ ಜಾಗ ಹಿಡಿಯುವ ಕೆಲಸ ನಡೆಯಿತು, ನಿಜ. ಆದರೂ ಎರಡು ಒಪ್ಪಿಗೆಗಳ ನಡುವೆ ಏಳು ವರ್ಷ ಎಂಬುದನ್ನು ಕಾರಣದ ಕಲಮಿನಲ್ಲಿ ಕೆಂಪು ಶಾಯಿಯಿಂದಲೇ ಬರೆಯಬೇಕು.

ಕರ್ನಾಟಕದವರಾದ ನಮಗೆ ಇನ್ನೊಂದು ಸಾಲು ಹತ್ತಿರದ್ದು. ಕೋಲಾರದ ಚಿನ್ನದ ಗಣಿಯಲ್ಲಿ, ನೆಲದಿಂದ ಎರಡು ಕಿಲೋಮೀಟರಿಗೂ ಆಳದಲ್ಲಿ, 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನ್ ಮತ್ತು ಇಂಗ್ಲೆಂಡಿನ ವಿಜ್ಞಾನಿಗಳ ಜೊತೆ ಸೇರಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಎಂಬ ಅತಿ ಸೂಕ್ಷ್ಮ ಕಣಗಳ ಗುರುತನ್ನು ಹಿಡಿದರು. ಜಗತ್ತಿನಲ್ಲಿಯೇ ಅಂಥ ಮೊದಲ ಪತ್ತೆಗಳಲ್ಲಿ ಅದೊಂದು. ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ ಆ ಕೆಲಸದ ಮುಂಚೂಣಿಯಲ್ಲಿದ್ದವರು. ಚಿನ್ನ ಕರಗಿ ಗಣಿ ನಷ್ಟಕ್ಕೆ ಬಿದ್ದಂತೆ 1990ರ ದಶಕದ ಆರಂಭದಲ್ಲಿ ಪ್ರಯೋಗಗಳು ನಿಂತವು, 2001ರಲ್ಲಿ ಗಣಿಯೇ ಮುಚ್ಚಿತು. ಆ ಪರಂಪರೆಯನ್ನು ಮುಂದುವರಿಸಬೇಕೆಂದು ಯೋಜಿಸಿದ ಭಾರತೀಯ ನ್ಯೂಟ್ರಿನೊ ವೀಕ್ಷಣಾಲಯಕ್ಕೆ ಮೊದಲು ನೀಲಗಿರಿಯ ಸಿಂಗಾರದಲ್ಲಿ ಜಾಗ ಕೇಳಲಾಯಿತು, 2009ರಲ್ಲಿ ಅರಣ್ಯ ಸಚಿವಾಲಯ ಒಪ್ಪಲಿಲ್ಲ. ಆಮೇಲೆ ತೇನಿ ಜಿಲ್ಲೆಯ ಬೋಡಿ ಬೆಟ್ಟವನ್ನು ಆರಿಸಲಾಯಿತು, 2015ರ ಜನವರಿಯಲ್ಲಿ ಸುಮಾರು 1,500 ಕೋಟಿ ರೂಪಾಯಿಗೆ ಸಂಪುಟದ ಒಪ್ಪಿಗೆಯೂ ದೊರೆಯಿತು. ಪರಿಸರ ಅನುಮತಿ, ನ್ಯಾಯಾಲಯ, ತಮಿಳುನಾಡು ಸರ್ಕಾರದ ವಿರೋಧ ಇವುಗಳ ನಡುವೆ ಕೆಲಸ ನಿಂತೇಹೋಯಿತು. ಚೀನಾದವರ ಜೂನೊ ಎಂಬ ನ್ಯೂಟ್ರಿನೊ ವೀಕ್ಷಣಾಲಯ 2025ರ ಆಗಸ್ಟ್‌ನಲ್ಲಿ ಕೆಲಸ ಆರಂಭಿಸಿತು.

ಈ ಸಾಲಿನ ಕಾರಣವನ್ನು ಬರೆಯುವಾಗ ಕೈ ತಡೆಯಬೇಕು. ಪಶ್ಚಿಮ ಘಟ್ಟದ ಬಗ್ಗೆ, ತಮ್ಮ ನೀರಿನ ಬಗ್ಗೆ ಊರವರು ಪ್ರಶ್ನೆ ಕೇಳುವುದು ಅಧಿಕಾರಶಾಹಿಯಲ್ಲ. ಅದು ಪ್ರಜೆಗಳ ಹಕ್ಕು, ವಿಜ್ಞಾನಿಗಳು ಮೊದಲೇ ಹೋಗಿ ಕುಳಿತು ಉತ್ತರಿಸಬೇಕಾದದ್ದು. ಆದರೆ ಹೌದು ಎಂದೋ ಅಲ್ಲ ಎಂದೋ ಯಾರೂ ಅಂತಿಮವಾಗಿ ಹೇಳದೆ ಹತ್ತು ವರ್ಷ ಒಂದು ತಲೆಮಾರಿನ ವಿದ್ಯಾರ್ಥಿಗಳನ್ನು ಕಾಯಿಸುವುದು ಬೇರೆ. ಇಲ್ಲವೆಂದು ಬೇಗ ಹೇಳಿದರೂ ಅವರು ಬೇರೆ ದಾರಿ ನೋಡಿಕೊಳ್ಳುತ್ತಿದ್ದರು. ನಿಮ್ಮ ಪಟ್ಟಿಯಲ್ಲಿ ತಡದ ಕಾರಣಗಳನ್ನು ಹೀಗೆ ಮೂರು ಬಗೆಯಾಗಿ ಗುರುತಿಸಿ: ಕೆಲಸವೇ ಕಷ್ಟವಾದದ್ದು, ಜನರ ಪ್ರಶ್ನೆಗೆ ಉತ್ತರ ಕೊಡಬೇಕಾದದ್ದು, ತೀರ್ಮಾನ ಮಾಡಬೇಕಾದವರು ಮಾಡದೆ ಕುಳಿತದ್ದು. ಮೂರನೆಯದಷ್ಟೇ ಆರೋಪಕ್ಕೆ ಸಲ್ಲುವ ಸಾಕ್ಷಿ.

ಮೇಜುಗಳನ್ನು ಎಣಿಸಿ

ಒಂದೇ ಸರ್ಕಾರ ಒಂದು ಕಡೆ ಹದಿನೈದು ತಿಂಗಳಲ್ಲಿ ಮಂಗಳಕ್ಕೆ ನೌಕೆ ಕಳುಹಿಸಿ, ಇನ್ನೊಂದು ಕಡೆ ಏಳು ವರ್ಷ ಎರಡನೆಯ ಸಹಿಗೆ ಕಾಯಿಸುವುದು ಹೇಗೆ? ನನ್ನ ಅನುಭವದಲ್ಲಿ ಇದಕ್ಕೆ ಅತ್ಯಂತ ನಂಬಬಹುದಾದ ಅಳತೆಗೋಲು ಒಂದೇ: ಕೆಲಸ ಬಲ್ಲವನಿಗೂ ಹಣಕ್ಕೆ ಸಹಿ ಹಾಕುವವನಿಗೂ ನಡುವೆ ಎಷ್ಟು ಮೇಜುಗಳಿವೆ ಎಂದು ಎಣಿಸುವುದು.

ಇದನ್ನು ಬಹಳ ಹಿಂದೆಯೇ ಅರಿತು ಸಂಸ್ಥೆಯನ್ನು ಕಟ್ಟಿದವರು ಸತೀಶ್ ಧವನ್. ವಿಕ್ರಮ್ ಸಾರಾಭಾಯಿ ಅವರ ಅಕಾಲ ಮರಣದ ನಂತರ ಇಂದಿರಾ ಗಾಂಧಿ ಬಾಹ್ಯಾಕಾಶ ಕಾರ್ಯಕ್ರಮವನ್ನು ವಹಿಸಿಕೊಳ್ಳಲು ಕೇಳಿದಾಗ, ತಾವು ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಮುಂದುವರಿಯಬೇಕು, ಕಾರ್ಯಕ್ರಮದ ಕೇಂದ್ರ ಕಚೇರಿ ಬೆಂಗಳೂರಿನಲ್ಲಿರಬೇಕು ಎಂದು ಅವರು ಷರತ್ತು ಹಾಕಿದರು. 1972ರ ಜೂನ್‌ನಲ್ಲಿ ಬಾಹ್ಯಾಕಾಶ ಆಯೋಗ ಮತ್ತು ಬಾಹ್ಯಾಕಾಶ ಇಲಾಖೆ ಸ್ಥಾಪನೆಯಾದವು. ಇಸ್ರೋದ ಅಧ್ಯಕ್ಷ, ಆಯೋಗದ ಅಧ್ಯಕ್ಷ, ಇಲಾಖೆಯ ಕಾರ್ಯದರ್ಶಿ ಈ ಮೂರೂ ಒಬ್ಬರೇ ಆಗಿರುವ ಪದ್ಧತಿ ಆಗ ಬೇರೂರಿತು. ಬೇರೆ ಬಹುತೇಕ ಇಲಾಖೆಗಳಲ್ಲಿ ತಜ್ಞನು ಬರೆದ ಟಿಪ್ಪಣಿಯನ್ನು ದೆಹಲಿಯ ಆಡಳಿತ ಸೇವೆಯ ಕಾರ್ಯದರ್ಶಿ ಪರಿಶೀಲಿಸುತ್ತಾರೆ. ಇಲ್ಲಿ ತಜ್ಞನೇ ಕಾರ್ಯದರ್ಶಿ. ಆಯೋಗದಲ್ಲಿ ಹಣಕಾಸಿನ ಸದಸ್ಯರೂ ಇರುವುದರಿಂದ ಹಣದ ಪ್ರಶ್ನೆಗೆ ಅದೇ ಕೋಣೆಯಲ್ಲಿ ಉತ್ತರ ಸಿಗುತ್ತದೆ. ಇದೂ ಅಧಿಕಾರಶಾಹಿಯೇ, ನಿಯಮಗಳೂ ಲೆಕ್ಕಪರಿಶೋಧನೆಯೂ ಇದಕ್ಕೂ ಉಂಟು. ಆದರೆ ಮೇಜುಗಳು ಕಡಿಮೆ.

ನೀವು ಯಾವುದೇ ಸಂಸ್ಥೆಯನ್ನು ಪರೀಕ್ಷಿಸುವಾಗ ಅದರ ವಾರ್ಷಿಕ ವರದಿಯ ಸಂಘಟನಾ ನಕ್ಷೆಯನ್ನು ತೆಗೆದು, ಪ್ರಯೋಗಾಲಯದಿಂದ ಹೊರಟ ಪ್ರಸ್ತಾವನೆ ಯಾರ ಯಾರ ಮೇಜಿನ ಮೇಲೆ ಇಳಿಯಬೇಕು ಎಂದು ಬೆರಳಿಟ್ಟು ಎಣಿಸಿ. ಪ್ರತಿ ಮೇಜಿನ ಬಗ್ಗೆಯೂ ಒಂದೇ ಪ್ರಶ್ನೆ ಕೇಳಿ: ಇಲ್ಲಿ ಕುಳಿತವರು ಇಲ್ಲವೆಂದು ಹೇಳಬಲ್ಲರೇ, ಹೌದೆಂದೂ ಹೇಳಬಲ್ಲರೇ? ಇಲ್ಲವೆನ್ನುವ ಅಧಿಕಾರ ಮಾತ್ರ ಇರುವ ಮೇಜುಗಳು ಹೆಚ್ಚಿದಷ್ಟೂ, ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಎಂಬ ಗಾದೆಯೇ ಅಲ್ಲಿನ ನಿಯಮವಾಗುತ್ತದೆ.

ಖರೀದಿಯ ಕಡತವನ್ನು ಹತ್ತಿರದಿಂದ ನೋಡಿ

ದೊಡ್ಡ ಯೋಜನೆಗಳ ಮೇಲೆ ಪ್ರಧಾನಿಗಳ ಕಣ್ಣಿರುತ್ತದೆ. ಹುಮ್ಮಸ್ಸು ಉಡುಗುವುದು ಹೆಚ್ಚಾಗಿ ಸಣ್ಣ ಪ್ರಯೋಗಾಲಯಗಳಲ್ಲಿ, ಸಣ್ಣ ವಸ್ತುಗಳ ಖರೀದಿಯಲ್ಲಿ. ನಾನು ಕಣ್ಣಾರೆ ಕಂಡ ಒಂದು ಕಡತವನ್ನು ಇಲ್ಲಿ ಬಿಚ್ಚಿಡುತ್ತೇನೆ.

ಒಬ್ಬ ಯುವ ಸಂಶೋಧಕಿ ಜುಲೈ ತಿಂಗಳಲ್ಲಿ ಒಂದು ನಿರ್ವಾತ ಪಂಪಿಗೆ ಇಂಡೆಂಟ್, ಅಂದರೆ ಖರೀದಿಯ ಬೇಡಿಕೆ, ಕೊಟ್ಟಳು. ಹಸಿರು ಟಿಪ್ಪಣಿ ಹಾಳೆಯ ಮೊದಲ ಪುಟದಲ್ಲಿ ಅವಳ ಅಗತ್ಯ ಮೂರು ಸಾಲುಗಳಲ್ಲಿ ಸ್ಪಷ್ಟವಾಗಿತ್ತು. ಎರಡನೆಯ ಪುಟದಲ್ಲಿ, ಇದಕ್ಕಿಂತ ಕಡಿಮೆ ಬೆಲೆಯ ಪಂಪು ಏಕೆ ಸಾಲದು ಎಂಬ ಪ್ರಶ್ನೆ. ಅವಳು ಎರಡು ಪುಟ ಉತ್ತರ ಬರೆದಳು. ಸರ್ಕಾರದ ಇ–ಮಾರುಕಟ್ಟೆಯಲ್ಲಿ ಇದು ದೊರೆಯುವುದಿಲ್ಲ ಎಂಬ ಪ್ರಮಾಣಪತ್ರ ಬೇಕೆಂದು ಲೆಕ್ಕಪತ್ರ ವಿಭಾಗ ಹಿಂದಿರುಗಿಸಿತು. ದೀಪಾವಳಿಯ ಹೊತ್ತಿಗೆ ಟೆಂಡರ್ ತೆರೆದಾಗ ಅತಿ ಕಡಿಮೆ ದರ ಹಾಕಿದವನ ಪಂಪು ಅವಳ ಪ್ರಯೋಗಕ್ಕೆ ಬೇಕಾದ ನಿರ್ವಾತವನ್ನು ಮುಟ್ಟುವಂತಿರಲಿಲ್ಲ. ಅವನನ್ನು ಏಕೆ ಕೈಬಿಡಬೇಕೆಂದು ಸಮರ್ಥಿಸುವುದರಲ್ಲಿಯೇ ಉಳಿದವರ ದರಪಟ್ಟಿಯ ತೊಂಬತ್ತು ದಿನಗಳ ಅವಧಿ ಮುಗಿಯಿತು. ಟಿಪ್ಪಣಿ ಹಾಳೆಯ ಹನ್ನೊಂದನೆಯ ಪುಟದಲ್ಲಿ ಯಾರೋ ‘ಚರ್ಚಿಸಿ’ ಎಂಬ ಒಂದೇ ಪದ ಬರೆದಿದ್ದರು. ಮಾರ್ಚ್ ಬಂತು. ಹಣ ರದ್ದಾಗಬಾರದೆಂದು ಅದೇ ಲೆಕ್ಕದ ಶೀರ್ಷಿಕೆಯಲ್ಲಿ ಗಣಕಯಂತ್ರಗಳನ್ನೂ ಮುದ್ರಣಯಂತ್ರಗಳನ್ನೂ ಕೊಂಡೆವು. ಆ ಆದೇಶವನ್ನು ಸಿದ್ಧಪಡಿಸಿದವನು ನಾನೇ. ಪ್ರತಿ ಸಹಿಯೂ ನಿಯಮಕ್ಕೆ ಸರಿಯಾಗಿತ್ತು. ಆ ಹುಡುಗಿ ಮರುವರ್ಷ ಪಂಪು ಬೇಡದ ವಿಷಯವೊಂದನ್ನು ಆರಿಸಿಕೊಂಡಳು. ಯಾವ ಲೆಕ್ಕಪರಿಶೋಧನಾ ವರದಿಯೂ ಆ ನಷ್ಟವನ್ನು ದಾಖಲಿಸಲಿಲ್ಲ, ದಾಖಲಿಸಲು ಅದರಲ್ಲಿ ಕಲಮೇ ಇಲ್ಲ.

ಹೀಗಾಗಿ ನಿಮ್ಮ ಪರೀಕ್ಷೆಯಲ್ಲಿ ಖರೀದಿ ನಿಯಮಗಳಿಗೆ ಜಾಗವಿರಬೇಕು. ಮೂಲ ಗ್ರಂಥ 2017ರ ಸಾಮಾನ್ಯ ಹಣಕಾಸು ನಿಯಮಗಳು. 2020ರಲ್ಲಿ 200 ಕೋಟಿವರೆಗಿನ ಖರೀದಿಗಳಿಗೆ ಜಾಗತಿಕ ಟೆಂಡರ್ ಕರೆಯುವುದನ್ನು ನಿರ್ಬಂಧಿಸಿದಾಗ, ದೇಶದೊಳಗೆ ತಯಾರಾಗದ ಉಪಕರಣ ಬೇಕಾದ ಪ್ರಯೋಗಾಲಯಗಳೂ ವಿನಾಯಿತಿಗಾಗಿ ಮೇಲಿನವರ ಬಾಗಿಲು ಕಾಯಬೇಕಾಯಿತು. ವಿಜ್ಞಾನಿಗಳು ವರ್ಷಗಟ್ಟಲೆ ಹೇಳಿಕೊಂಡ ಮೇಲೆ 2025ರ ಜೂನ್‌ನಲ್ಲಿ ನಿಯಮ ಸಡಿಲವಾಯಿತು: ಸಂಶೋಧನಾ ಸಂಸ್ಥೆಗಳು ದರಪಟ್ಟಿಯಿಲ್ಲದೆ ನೇರವಾಗಿ ಕೊಳ್ಳುವ ಮಿತಿ 1 ಲಕ್ಷದಿಂದ 2 ಲಕ್ಷಕ್ಕೆ, ಖರೀದಿ ಸಮಿತಿಯ ಮೂಲಕ ಕೊಳ್ಳುವ ಮಿತಿ 10 ಲಕ್ಷದಿಂದ 25 ಲಕ್ಷಕ್ಕೆ ಏರಿತು, 200 ಕೋಟಿವರೆಗಿನ ಜಾಗತಿಕ ಟೆಂಡರಿಗೆ ನಿರ್ದೇಶಕರು, ಕುಲಪತಿಗಳೇ ಒಪ್ಪಿಗೆ ಕೊಡಬಹುದೆಂದಾಯಿತು. ಇದು ಸಣ್ಣ ಬದಲಾವಣೆಯಲ್ಲ. ನಿಮ್ಮ ಪರಿಚಯದ ವಿಜ್ಞಾನಿಯೊಬ್ಬರನ್ನು ಕಂಡು, ಜೂನ್ 2025ಕ್ಕೆ ಮೊದಲು ಇಂಡೆಂಟಿನಿಂದ ಆದೇಶಕ್ಕೆ ಎಷ್ಟು ದಿನ ಹಿಡಿಯುತ್ತಿತ್ತು, ಈಗ ಎಷ್ಟು ಹಿಡಿಯುತ್ತದೆ ಎಂದು ಕೇಳಿ ಬರೆದುಕೊಳ್ಳಿ. ಅಧಿಕಾರ ಕೊಟ್ಟರೂ ಅದನ್ನು ಬಳಸಲು ಅಂಜುವ ನಿರ್ದೇಶಕರಿದ್ದಲ್ಲಿ ದಿನಗಳು ಕಡಿಮೆಯಾಗಿರುವುದಿಲ್ಲ. ಜೊತೆಗೆ ಕೊನೆಯ ತ್ರೈಮಾಸಿಕದಲ್ಲಿ ಶೇ 33ಕ್ಕಿಂತ, ಮಾರ್ಚ್ ಒಂದರಲ್ಲಿಯೇ ಶೇ 15ಕ್ಕಿಂತ ಹೆಚ್ಚು ಖರ್ಚು ಮಾಡಬಾರದೆಂಬ ಹಣಕಾಸು ಸಚಿವಾಲಯದ ಮಿತಿಯನ್ನೂ ನೆನಪಿಡಿ. ಹಣವೇ ತಡವಾಗಿ ಬಂದ ಸಂಸ್ಥೆಗೆ ಈ ಮಿತಿ ಎರಡನೆಯ ಪೆಟ್ಟು.

ಸೋಲಿನ ಮರುವರ್ಷ ಏನಾಯಿತು ನೋಡಿ

ಅನ್ವೇಷಣೆ ಎಂದ ಮೇಲೆ ಸೋಲು ಇದ್ದೇ ಇರುತ್ತದೆ. ಸೋತವರಿಗೆ ಮರುವರ್ಷ ಹಣ ಸಿಕ್ಕಿತೇ, ಅದೇ ತಂಡ ಉಳಿಯಿತೇ ಎಂಬುದನ್ನು ಹುಡುಕಿ. 1979ರ ಆಗಸ್ಟ್ 10ರಂದು ಎಸ್‌ಎಲ್‌ವಿ–3 ಎಂಬ ಉಡಾವಣಾ ವಾಹನ ಸಮುದ್ರಕ್ಕೆ ಬಿದ್ದಾಗ ಪತ್ರಕರ್ತರನ್ನು ಎದುರಿಸಿದವರು ಧವನ್; 1980ರ ಜುಲೈ 18ರಂದು ಅದೇ ವಾಹನ ಗೆದ್ದಾಗ ಮಾತನಾಡಲು ಅವರು ಮುಂದೆ ಬಿಟ್ಟದ್ದು ಯೋಜನೆಯ ನಿರ್ದೇಶಕ ಕಲಾಂ ಅವರನ್ನು. ಕಲಾಂ ಇದನ್ನು ಹಲವು ಸಲ ನೆನೆದಿದ್ದಾರೆ. ಪಿಎಸ್‌ಎಲ್‌ವಿಯ ಮೊದಲ ಹಾರಾಟ 1993ರ ಸೆಪ್ಟೆಂಬರ್‌ನಲ್ಲಿ ಸೋತಿತು, ಮರುವರ್ಷದ ಅಕ್ಟೋಬರ್‌ನಲ್ಲಿ ಗೆದ್ದಿತು. 2019ರ ಸೆಪ್ಟೆಂಬರ್‌ನಲ್ಲಿ ಚಂದ್ರಯಾನ–2ರ ಇಳಿಯುವ ನೌಕೆ ವಿಕ್ರಮ್ ಚಂದ್ರನ ನೆಲಕ್ಕೆ ಅಪ್ಪಳಿಸಿದ ಮೇಲೆ ಚಂದ್ರಯಾನ–3ಕ್ಕೆ ಒಪ್ಪಿಗೆ ದೊರೆಯಿತು. 2023ರ ಆಗಸ್ಟ್ 23ರ ಸಂಜೆ ಏನಾಯಿತೆಂದು ಎಲ್ಲರೂ ಬಲ್ಲರು. ಒಟ್ಟು ಖರ್ಚು ಸುಮಾರು 615 ಕೋಟಿ.

ಪಂಪಿನ ಕಡತಕ್ಕೂ ಈ ಸಂಗತಿಗೂ ನೇರ ಸಂಬಂಧವಿದೆ. ಸೋಲನ್ನು ಮೇಲಿನವರು ತಮ್ಮ ಮೇಲೆ ಹಾಕಿಕೊಳ್ಳುವಲ್ಲಿ ಕೆಳಗಿನವರು ಸಹಿ ಹಾಕುತ್ತಾರೆ. ಹಾಕಿಕೊಳ್ಳದಲ್ಲಿ ‘ಚರ್ಚಿಸಿ’ ಎಂದು ಬರೆಯುತ್ತಾರೆ.

ಅದೇ ಕೆಲಸವನ್ನು ಬೇರೆಯವರು ಹೇಗೆ ಮಾಡಿದರು

ಹೋಲಿಕೆಯಿಲ್ಲದೆ ಪರೀಕ್ಷೆ ಪೂರ್ತಿಯಾಗದು, ಮತ್ತು ಅದಕ್ಕೆ ಅಮೆರಿಕದ ಎರಡು ರಾಕೆಟ್ಟುಗಳಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ನಾಸಾದ ಎಸ್‌ಎಲ್‌ಎಸ್ ಎಂಬ ಭಾರಿ ರಾಕೆಟ್ಟನ್ನು 2016ರ ಕೊನೆಯೊಳಗೆ ಸಿದ್ಧಪಡಿಸಬೇಕೆಂದು 2010ರ ಕಾನೂನು ಹೇಳಿತ್ತು. ಅದು ಮೊದಲು ಹಾರಿದ್ದು 2022ರ ನವೆಂಬರ್ 16ರಂದು. ಮೊದಲ ನಾಲ್ಕು ಯಾನಗಳಲ್ಲಿ ಪ್ರತಿಯೊಂದಕ್ಕೂ ಸುಮಾರು 410 ಕೋಟಿ ಡಾಲರ್ ತಗಲುತ್ತದೆ ಎಂದು ನಾಸಾದ ಮಹಾನಿರೀಕ್ಷಕರೇ ಸಂಸತ್ತಿಗೆ ತಿಳಿಸಿದರು. ಕಟ್ಟುವವರಿಗೆ ಖರ್ಚಾದಷ್ಟನ್ನು ಕೊಟ್ಟು ಮೇಲೆ ಲಾಭವನ್ನೂ ಸೇರಿಸುವ ಒಪ್ಪಂದ ಅದು. ಯಾವ ಎಂಜಿನ್ ಬಳಸಬೇಕು, ಯಾವ ರಾಜ್ಯದಲ್ಲಿ ಕೆಲಸ ಉಳಿಯಬೇಕು ಎಂಬುದನ್ನು ಸಂಸದರ ಒತ್ತಡವೂ ನಿರ್ಧರಿಸಿತ್ತು. ಅದೇ ನಾಸಾ 2006ರಿಂದ ಬಾಹ್ಯಾಕಾಶ ನಿಲ್ದಾಣಕ್ಕೆ ಸರಕು ಸಾಗಣೆಗೆ ನಿಗದಿತ ಬೆಲೆಯ ಒಪ್ಪಂದ ಮಾಡಿಕೊಂಡಾಗ ಸ್ಪೇಸ್‌ಎಕ್ಸ್ ಫಾಲ್ಕನ್–9ನ್ನು ಅದರ ಹತ್ತಿರಕ್ಕೂ ಬಾರದ ಖರ್ಚಿನಲ್ಲಿ ಕಟ್ಟಿತು. ಹಣ ಎರಡಕ್ಕೂ ಅದೇ ಸರ್ಕಾರದ್ದು. ಒಪ್ಪಂದದ ಬಗೆ ಬೇರೆ. ಹಾಗೆಂದು ನಿಗದಿತ ಬೆಲೆಯೊಂದೇ ಮಂತ್ರವಲ್ಲ: 2014ರಲ್ಲಿ ಮನುಷ್ಯರನ್ನು ಒಯ್ಯುವ ಅದೇ ಬಗೆಯ ಒಪ್ಪಂದದಲ್ಲಿ 420 ಕೋಟಿ ಡಾಲರ್ ಪಡೆದ ಬೋಯಿಂಗ್, 260 ಕೋಟಿ ಪಡೆದ ಸ್ಪೇಸ್‌ಎಕ್ಸ್‌ಗಿಂತ ಬಹಳ ಹಿಂದೆ ಬಿದ್ದಿತು, 2024ರಲ್ಲಿ ಅದರ ನೌಕೆ ಯಾತ್ರಿಗಳನ್ನು ನಿಲ್ದಾಣದಲ್ಲಿಯೇ ಬಿಟ್ಟು ಬರಿದಾಗಿ ಮರಳಿತು.

ನಮ್ಮಲ್ಲಿ 2020ರಲ್ಲಿ ಖಾಸಗಿಯವರಿಗೆ ಅನುಮತಿ ಕೊಡಲು ಇನ್–ಸ್ಪೇಸ್ ಎಂಬ ಕಚೇರಿ ಬಂದಿತು, 2023ರಲ್ಲಿ ಬಾಹ್ಯಾಕಾಶ ನೀತಿ ಬಂದಿತು. ಖಾಸಗಿ ಕಂಪನಿಗಳಾದ ಸ್ಕೈರೂಟ್ 2022ರ ನವೆಂಬರ್‌ನಲ್ಲಿ, ಅಗ್ನಿಕುಲ್ 2024ರ ಮೇ ತಿಂಗಳಲ್ಲಿ ತಮ್ಮ ಮೊದಲ ರಾಕೆಟ್ಟುಗಳನ್ನು ಹಾರಿಸಿದವು. ಬೆಂಗಳೂರಿನ ಪಿಕ್ಸೆಲ್ ಉಪಗ್ರಹಗಳನ್ನು ಕಕ್ಷೆಗೆ ಸೇರಿಸಿದೆ. ಇವನ್ನು ಪರೀಕ್ಷಿಸುವಾಗ ಅನುಮತಿಗೆ ಎಷ್ಟು ದಿನ ಹಿಡಿಯಿತು ಎಂಬುದರ ಜೊತೆಗೆ, ಸರ್ಕಾರ ಇವರಿಂದ ಏನನ್ನಾದರೂ ಕೊಂಡಿತೇ ಎಂದು ನೋಡಿ. ಅಮೆರಿಕದಲ್ಲಿ ಖಾಸಗಿಯವರು ಬೆಳೆದದ್ದು ಸರ್ಕಾರ ದೂರ ಸರಿದದ್ದರಿಂದಲ್ಲ, ಒಳ್ಳೆಯ ಗಿರಾಕಿಯಾದದ್ದರಿಂದ.

ಉಳಿದ ಕಲಮುಗಳನ್ನು ಮಾಹಿತಿ ಹಕ್ಕಿನಿಂದ ತುಂಬಿ

ಇಷ್ಟೆಲ್ಲ ಮಾಡಿದ ಮೇಲೂ ನಿಮ್ಮ ದಿನಾಂಕಗಳ ಹಾಳೆಯಲ್ಲಿ ಖಾಲಿ ಜಾಗಗಳು ಉಳಿಯುತ್ತವೆ. ಅವಕ್ಕೆ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ. ಶುಲ್ಕ ಹತ್ತು ರೂಪಾಯಿ, ಉತ್ತರಕ್ಕೆ ಮೂವತ್ತು ದಿನಗಳ ಗಡುವು. ಅರ್ಜಿಯನ್ನು ಇಂಗ್ಲಿಷ್, ಹಿಂದಿ ಅಥವಾ ಅರ್ಜಿ ಸಲ್ಲಿಸುವ ಪ್ರದೇಶದ ಅಧಿಕೃತ ಭಾಷೆಯಲ್ಲಿ ಬರೆಯಬಹುದೆಂದು ಕಾಯ್ದೆಯೇ ಹೇಳುವುದರಿಂದ, ಬೆಂಗಳೂರಿನಲ್ಲಿರುವ ಕೇಂದ್ರ ಸಂಸ್ಥೆಗೆ ಇಲ್ಲಿಂದಲೇ ಕನ್ನಡದಲ್ಲಿ ಬರೆದು, ಪೋಸ್ಟಲ್ ಆರ್ಡರ್ ಲಗತ್ತಿಸಿ ಅಂಚೆಯಲ್ಲಿ ಕಳುಹಿಸುವುದು ನಿಮ್ಮ ಹಕ್ಕು.

ಹೊಸಬರು ಮಾಡುವ ತಪ್ಪೆಂದರೆ ‘ಯೋಜನೆ ಏಕೆ ತಡವಾಯಿತು’ ಎಂದು ಕೇಳುವುದು. ಕಾಯ್ದೆ ದಾಖಲೆಯಲ್ಲಿರುವುದನ್ನು ಕೊಡಿಸುತ್ತದೆಯೇ ಹೊರತು ಅಭಿಪ್ರಾಯವನ್ನಲ್ಲ. ‘ಏಕೆ’ ಎಂಬ ಪ್ರಶ್ನೆಯನ್ನು ಸುಲಭವಾಗಿ ತಳ್ಳಿಹಾಕಬಹುದು. ತಾಂತ್ರಿಕ ವಿವರ ಕೇಳಿದರೆ ಭದ್ರತೆಯ ಅಥವಾ ವಾಣಿಜ್ಯ ಗೋಪ್ಯತೆಯ ವಿನಾಯಿತಿ ಅಡ್ಡ ಬರುತ್ತದೆ. ದಿನಾಂಕಗಳನ್ನು ಮಾತ್ರ ಕೇಳಿ: ಪ್ರಸ್ತಾವನೆ ಸಲ್ಲಿಕೆಯಾದ ದಿನ, ಅದು ಪ್ರತಿ ಹಂತಕ್ಕೆ ಹೋದ ಮತ್ತು ಅಲ್ಲಿಂದ ಹೊರಟ ದಿನ, ಆಡಳಿತಾತ್ಮಕ ಮಂಜೂರಾತಿಯ ದಿನ, ಮೊದಲ ಕಂತು ಬಿಡುಗಡೆಯಾದ ದಿನ, ಆ ವರ್ಷ ಹಿಂದಿರುಗಿಸಿದ ಮೊತ್ತ. ಸಾಧ್ಯವಾದರೆ ಟಿಪ್ಪಣಿ ಹಾಳೆಗಳ ಪ್ರತಿಯನ್ನೂ ಕೇಳಿ. ಉತ್ತರ ಬಾರದಿದ್ದರೆ ಅಥವಾ ಅರೆಬರೆಯಾಗಿದ್ದರೆ ಮೂವತ್ತು ದಿನಗಳೊಳಗೆ ಅದೇ ಸಂಸ್ಥೆಯ ಮೇಲ್ಮನವಿ ಅಧಿಕಾರಿಗೆ ಬರೆಯಿರಿ.

ಹಾಳೆ ತುಂಬಿದ ಮೇಲೆ ಅದರ ಒಂದು ಪ್ರತಿಯನ್ನು ನಿಮ್ಮ ಸಂಸದರಿಗೆ ಕೊಡಿ, ಮತ್ತು ಅದನ್ನು ಫೆಬ್ರವರಿಯಲ್ಲಿಯೇ ಕೊಡಿ. ಮುಂಗಡಪತ್ರ ಮಂಡನೆಯಾಗಿ ಸ್ಥಾಯಿ ಸಮಿತಿಗಳು ಬೇಡಿಕೆಗಳನ್ನು ಪರಿಶೀಲಿಸಲು ಕೂರುವುದು ಆ ನಂತರದ ಕೆಲವು ವಾರಗಳಲ್ಲಿ. ಜೊತೆಗೆ ಸಂಸದರು ಲಿಖಿತವಾಗಿ ಕೇಳಬಹುದಾದ ಒಂದೇ ಒಂದು ಪ್ರಶ್ನೆಯನ್ನು ಬರೆದುಕೊಡಿ: ಕಳೆದ ಐದು ವರ್ಷಗಳಲ್ಲಿ ಈ ಇಲಾಖೆಯಲ್ಲಿ ತಾತ್ವಿಕ ಒಪ್ಪಿಗೆ ಪಡೆದು ಅಂತಿಮ ಒಪ್ಪಿಗೆಗೆ ಕಾಯುತ್ತಿರುವ ಸಂಶೋಧನಾ ಯೋಜನೆಗಳು ಎಷ್ಟು, ಪ್ರತಿಯೊಂದೂ ಈಗ ಯಾರ ಮೇಜಿನ ಮೇಲಿದೆ, ಯಾವ ದಿನದಿಂದ ಇದೆ?